ಶನಿವಾರದ ಸುತ್ತ ತಿರುಗುವ ವಾರ: ಮುಂಬೈ–ಕೊಂಕಣದ ಬೆನೆ ಇಸ್ರೇಲ್ ಸಭಾಮಂದಿರಗಳ ಬಗ್ಗೆ ಗೊತ್ತಿರುವವರು ಬರೆಯಿರಿ

ಅರಳಿಕಟ್ಟೆ
ಕೊಂಕಣದಲ್ಲಿ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯೆಹೂದ್ಯರಿಗೆ ಊರವರು ಇಟ್ಟ ಹೆಸರು ‘ಶನಿವಾರ್ ತೇಲಿ’. ಶನಿವಾರ ಗಾಣ ಕಟ್ಟದ ಎಣ್ಣೆಯವರು ಅಂತ. ಆ ಶನಿವಾರದ ಬಗ್ಗೆ ಅಲ್ಲಲ್ಲಿ ಓದಲು ಸಿಗುತ್ತದೆ. ಆದರೆ ಉಳಿದ ಆರು ದಿನ ಸಭಾಮಂದಿರದಲ್ಲಿ, ಅಂದರೆ ಅವರ ಸಿನಗಾಗ್‌ನಲ್ಲಿ, ಏನು ಕೆಲಸ, ಶುಕ್ರವಾರ ಸಂಜೆಯೊಳಗೆ ಏನೇನು ಮುಗಿದಿರಬೇಕು, ಎಲ್ಲಿ ಎಡವಟ್ಟಾಗುತ್ತದೆ? ಅಳತೆ, ಹೊತ್ತು ಸಮೇತ ಬರೆದರೆ ಉಪಕಾರ. ಮುಂಬೈಯನ್ನೇ ಹಿಡಿದು ಬರೆಯಿರಿ. ಅಲ್ಲಿನ ಅತಿ ಹಳೆಯ ಮಂದಿರಕ್ಕೂ ನಮ್ಮ ಮೈಸೂರಿಗೂ ಏನೋ ನಂಟಿದೆಯಂತೆ, ಅದನ್ನೂ ಹೇಳಿ.

ತೇಲಿಗಲ್ಲಿ
ನಂಟು ಇದು. ಕಂಪನಿ ಸೇನೆಯಲ್ಲಿದ್ದ ಸಾಮ್ಯುಯೆಲ್ ಇಝೆಕಿಯೆಲ್ ದಿವೇಕರ್ ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದರು. ಬಿಡುಗಡೆಯಾಗಿ ಬಂದ ಮೇಲೆ, ಜೀವ ಉಳಿದ ಋಣಕ್ಕೆ 1796ರಲ್ಲಿ ಕಟ್ಟಿಸಿದ್ದು ಮಾಂಡ್ವಿಯ ‘ಶಾರ್ ಹರಹಮೀಮ್’, ಅಂದರೆ ದಯೆಯ ಬಾಗಿಲು. ಸೆರೆಯಾಳು ‘ಬನಿ ಇಸ್ರಾಯೀಲ್’, ಅಂದರೆ ಖುರಾನಿನಲ್ಲಿ ಹೆಸರಿಸಿರುವ ಜನ, ಎಂದು ತಿಳಿದು ಟಿಪ್ಪುವಿನ ತಾಯಿಯೇ ಉಳಿಸಿದರು ಅನ್ನುವುದು ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಮಂದಿರ ಇರುವ ಬೀದಿಗೆ ಇವತ್ತಿಗೂ ಸಾಮ್ಯುಯೆಲ್ ಸ್ಟ್ರೀಟ್ ಎಂದೇ ಹೆಸರು. ಮರಾಠಿ ಮಾತಾಡುವ ಬೆನೆ ಇಸ್ರೇಲರ ಬಾಯಲ್ಲಿ ಸಭಾಮಂದಿರವೂ ‘ಮಶೀದ್’ ಆಗಿತ್ತು.

ಈಗ ವಾರಕ್ಕೆ ಬರೋಣ. ಎಲ್ಲಕ್ಕೂ ಮೊದಲು ಬೇಕಾದದ್ದು ಹತ್ತು ಜನ. ಇದಕ್ಕೆ ಮಿನ್ಯಾನ್ ಅನ್ನುತ್ತಾರೆ. ಸಂಪ್ರದಾಯಸ್ಥ ಮಂದಿರದಲ್ಲಿ 13 ವರ್ಷ ತುಂಬಿದ ಹತ್ತು ಗಂಡಸರು. ಸುಧಾರಣಾ ಪಂಥದ ಮಂದಿರಗಳಲ್ಲಿ ಹೆಂಗಸರೂ ಲೆಕ್ಕಕ್ಕೆ ಸೇರುತ್ತಾರೆ. ಒಂಬತ್ತೇ ಜನ ಇದ್ದರೆ ಪ್ರಾರ್ಥನೆಯೇ ಇಲ್ಲ ಅಂತಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಪ್ರಾರ್ಥನೆ ಹೇಳಬಹುದು. ಆದರೆ ನಾಲ್ಕು ಸಂಗತಿ ನಿಂತುಹೋಗುತ್ತವೆ: ‘ಬರೆಖು’ ಎಂಬ ಕರೆ, ಮುಖ್ಯ ಪ್ರಾರ್ಥನೆಯನ್ನು ಹಝ್ಝಾನ್ (ಪ್ರಾರ್ಥನೆ ನಡೆಸುವವರು) ಗಟ್ಟಿಯಾಗಿ ಮತ್ತೆ ಹೇಳುವುದು ಮತ್ತು ಅದರೊಳಗಿನ ‘ಕೆದುಶಾ’ ಎಂಬ ಪವಿತ್ರತೆಯ ಸ್ತುತಿ, ಸುರುಳಿಯಿಂದ ತೋರಾ (ಮೋಶೆಯ ಐದು ಕಾಂಡಗಳು) ಓದುವುದು, ಸತ್ತವರಿಗಾಗಿ ಹೇಳುವ ಕದ್ದಿಶ್. ಅಪ್ಪ ಅಮ್ಮ ತೀರಿಹೋದವರು ಹನ್ನೊಂದು ತಿಂಗಳು ದಿನವೂ ಕದ್ದಿಶ್ ಹೇಳಬೇಕು. ಹಾಗಾಗಿ ಸಣ್ಣ ಸಮುದಾಯದಲ್ಲಿ ವಾರದ ದಿನ ಬೆಳಿಗ್ಗೆ ಹತ್ತು ಜನ ಕೂಡಿದ್ದಾರೆ ಅಂದರೆ, ಯಾರೋ ಒಬ್ಬರ ಮನೆಯಲ್ಲಿ ಸಾವಾಗಿದೆ, ಉಳಿದವರು ಅವರ ಸಲುವಾಗಿ ಎದ್ದು ಬಂದಿದ್ದಾರೆ ಅಂತಲೇ ಎಷ್ಟೋ ಸಲ ಅರ್ಥ.

ತಲೆ ಎಣಿಸುವಾಗ ‘ಒಂದು, ಎರಡು’ ಅನ್ನುವುದಿಲ್ಲ, ಜನರನ್ನು ಅಂಕಿ ಹಾಕಿ ಎಣಿಸಬಾರದು ಅಂತ. 28ನೇ ಕೀರ್ತನೆಯ ಕೊನೆಯ ವಚನದಲ್ಲಿ ಸರಿಯಾಗಿ ಹತ್ತು ಹೀಬ್ರೂ ಪದ ಇವೆ: ಹೋಶಿಯಾ, ಎತ್, ಅಮ್ಮೆಖಾ, ಉವಾರೇಖ್, ಎತ್, ನಹಲಾತೆಖಾ, ಉರ್ಎಮ್, ವೆನಸ್ಸೆಎಮ್, ಅದ್, ಹಾಓಲಾಮ್. ಒಬ್ಬೊಬ್ಬರ ಕಡೆ ನೋಡುತ್ತ ಒಂದೊಂದು ಪದ. ‘ಹಾಓಲಾಮ್’ ಯಾರ ಮೇಲಾದರೂ ಬಿತ್ತು ಅಂದರೆ ಶುರು ಮಾಡಬಹುದು.

ಉಪ್ಪುನೀರು
ವಲಸೆಯ ಪೆಟ್ಟು ಬಿದ್ದಿರುವುದೂ ಇದೇ ಹತ್ತರ ಮೇಲೆ. ಇಸ್ರೇಲ್‌ಗೆ ಹೋದ ಕುಟುಂಬಗಳಿಂದಾಗಿ ಕೊಂಕಣದ ಕಡೆ ಕಟ್ಟಡ ಗಟ್ಟಿಯಾಗಿದ್ದೂ ಜನ ಸಾಲದು. ಕೊಚ್ಚಿಯ ಪರದೇಸಿ ಮಂದಿರ 1568ರದ್ದು. ಅಲ್ಲಿ ಈಗ ಹೊರಗಿನಿಂದ ಬಂದವರು ಸೇರಿದರೆ ಮಾತ್ರ ಹತ್ತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯೆಹೂದ್ಯರ ಸ್ಮಶಾನ ಇದೆ, ಆದರೆ ಮುಂಬೈಯ ಹಾಗೆ ಹಳೆಯ ಸಭಾಮಂದಿರ ಇಲ್ಲ.

ಕಾಗದಹುಳ
ಓದುವ ಸುರುಳಿಯ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ವಾರದ ಅರ್ಧ ಕೆಲಸ ಅದೇ.

ಮೋಶೆಯ ಐದು ಕಾಂಡಗಳನ್ನು 54 ಪಾಲು ಮಾಡಿ ಒಂದು ವರ್ಷದಲ್ಲಿ ಮುಗಿಸುತ್ತಾರೆ. ಒಂದು ವಾರದ ಪಾಲಿಗೆ ‘ಪರಾಶಾ’ ಎಂದು ಹೆಸರು. ಶನಿವಾರ ಬೆಳಿಗ್ಗೆ ಪೂರ್ತಿ ಪರಾಶಾ. ಏಳು ಜನರನ್ನು ಒಬ್ಬರಾದ ಮೇಲೊಬ್ಬರಂತೆ ಕರೆಯುತ್ತಾರೆ, ಕೊನೆಗೆ ಪ್ರವಾದಿಗಳ ಭಾಗ ಓದುವವರು ಒಬ್ಬರು. ಅದೇ ದಿನ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಮುಂದಿನ ವಾರದ ಪರಾಶಾದ ಮೊದಲ ತುಣುಕನ್ನು ಮೂವರಿಗೆ ಹಂಚಿ ಓದುತ್ತಾರೆ. ಅದನ್ನೇ ಸೋಮವಾರ ಬೆಳಿಗ್ಗೆ, ಮತ್ತೆ ಗುರುವಾರ ಬೆಳಿಗ್ಗೆ. ಕನಿಷ್ಠ ಹತ್ತು ವಚನ ಆಗಬೇಕು.

ಸುರುಳಿಯಲ್ಲಿ 3,04,805 ಅಕ್ಷರ. ಸಾಮಾನ್ಯವಾಗಿ 245 ಅಂಕಣ, ಅಂಕಣಕ್ಕೆ 42 ಸಾಲು. ಸ್ವರಚಿಹ್ನೆ ಇಲ್ಲ, ರಾಗದ ಗುರುತಿಲ್ಲ, ವಚನ ಎಲ್ಲಿ ಮುಗಿಯಿತು ಅನ್ನುವುದಕ್ಕೆ ಚುಕ್ಕೆಯೂ ಇಲ್ಲ. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ಕಿತ್ತು ಬರೀ ಮೂಲಾಕ್ಷರ ಬರೆದರೆ ಹೇಗಿರುತ್ತದೋ ಹಾಗೆ: ‘ಮರ’, ‘ಮಾರಿ’, ‘ಮೂರು’, ‘ಮೇರು’ ನಾಲ್ಕೂ ಒಂದೇ ರೂಪ. ಆದ್ದರಿಂದ ಓದುವವರು ‘ತಿಕ್ಕುನ್’ ಎಂಬ ಮುದ್ರಿತ ಪುಸ್ತಕ ಇಟ್ಟುಕೊಂಡು ವಾರವಿಡೀ ಅಭ್ಯಾಸ ಮಾಡಬೇಕು. ಅದರಲ್ಲಿ ಒಂದು ಕಡೆ ಚಿಹ್ನೆ ಸಮೇತ ಪಾಠ, ಪಕ್ಕದಲ್ಲೇ ಸುರುಳಿಯಲ್ಲಿ ಇರುವಂತೆ ಬೋಳು ಪಾಠ. ಎಡವುವುದು ಕಠಿಣ ಪದಗಳಲ್ಲಲ್ಲ, ವಚನದ ಕೊನೆಯಲ್ಲಿ. ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ಕಾಣದೆ ಮುಂದಿನ ವಚನಕ್ಕೆ ಜಾರಿಬಿಡುತ್ತಾರೆ. ಅರ್ಥ ಬದಲಾಗುವಂತೆ ತಪ್ಪಿದರೆ ಕೇಳುತ್ತಿರುವವರು ತಡೆಯುತ್ತಾರೆ, ಹಿಂದೆ ಹೋಗಿ ಮತ್ತೆ ಓದಬೇಕು.

ಶುಕ್ರವಾರ ಮಾಡಲೇಬೇಕಾದ ಕೆಲಸ ಸುರುಳಿಯನ್ನು ಸರಿಯಾದ ಅಂಕಣಕ್ಕೆ ತಂದಿಡುವುದು. ಶನಿವಾರ ಜನ ಕಾಯುತ್ತಿರುವಾಗ ಸುರುಳಿ ತಿರುಗಿಸುತ್ತ ನಿಲ್ಲುವುದು ಸಭೆಗೆ ಕೊಡುವ ತೊಂದರೆ ಅಂತ ಶಾಸ್ತ್ರವೇ ಹೇಳುತ್ತದೆ. ಅಮಾವಾಸ್ಯೆ ಕಳೆದು ಹೊಸ ತಿಂಗಳು ಹುಟ್ಟುವ ದಿನ ಶನಿವಾರವೇ ಬಂದರೆ ವಾರದ ಪರಾಶಾ ಜೊತೆಗೆ ಅರಣ್ಯಕಾಂಡದ 28ನೇ ಅಧ್ಯಾಯದ ಭಾಗವೂ ಬೇಕು. ಅದಕ್ಕೇ ಎರಡು ಸುರುಳಿ ತೆಗೆಯುತ್ತಾರೆ, ಎರಡನ್ನೂ ಮೊದಲೇ ಹೊಂದಿಸಿರುತ್ತಾರೆ.

ಬೆನೆ ಇಸ್ರೇಲ್, ಬಗ್ದಾದಿ (ಇರಾಕಿನ ಕಡೆಯಿಂದ ಬಂದ ಯೆಹೂದ್ಯರು), ಕೊಚ್ಚಿ, ಮೂರೂ ಕಡೆ ಸುರುಳಿ ಇರುವುದು ಗಟ್ಟಿ ಮರದ ಪೆಟ್ಟಿಗೆಯೊಳಗೆ, ಕೆಲವಕ್ಕೆ ಬೆಳ್ಳಿ ಹೊದಿಕೆ. ಇದಕ್ಕೆ ‘ತೀಕ್’ ಅನ್ನುತ್ತಾರೆ. ಯುರೋಪಿನವರ ಹಾಗೆ ಮಲಗಿಸುವುದಿಲ್ಲ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲು ತೆರೆದಂತೆ ತೆರೆದು, ನಿಂತು ಓದುತ್ತಾರೆ. ತಿರುಗಿಸುವಾಗ ಎರಡೂ ಹಿಡಿಗಳನ್ನು ಒಟ್ಟಿಗೆ, ಒಂದೇ ವೇಗದಲ್ಲಿ ತಿರುವಬೇಕು. ಒಂದೇ ಕಡೆ ಎಳೆದರೆ ಭಾರವೆಲ್ಲ ಹಾಳೆ–ಹಾಳೆ ಕೂಡುವ ಹೊಲಿಗೆಯ ಮೇಲೆ ಬೀಳುತ್ತದೆ. ಹೊಲಿಗೆ ಪ್ರಾಣಿಯ ನರದ ದಾರದ್ದು, ಒಣಗಿದ್ದರೆ ಟಪ್ ಅಂತ ಬಿಚ್ಚುತ್ತದೆ.

ಅರಳಿಕಟ್ಟೆ
ಕಾಗದಹುಳ ಅವರೇ, ಮುಂಬೈ ಮಳೆಗಾಲದಲ್ಲಿ ಚರ್ಮದ ಹಾಳೆಯ ಗತಿ ಏನು? ತಾಳೆಗರಿಗೆ ನಮ್ಮಲ್ಲಿ ಎಣ್ಣೆ ಸವರುತ್ತಾರೆ. ಇದಕ್ಕೂ ಹಾಗೇನಾದರೂ ಇದೆಯೇ?

ಕಾಗದಹುಳ
ದಯವಿಟ್ಟು ಎಣ್ಣೆ ಬೇಡ! ಬರಿಗೈಯಿಂದ ಹಾಳೆ ಮುಟ್ಟುವುದೂ ಇಲ್ಲ. ಸಾಲು ತೋರಿಸಲು ‘ಯಾದ್’ ಎಂಬ ಬೆಳ್ಳಿ ಕಡ್ಡಿ ಇರುತ್ತದೆ, ತುದಿಯಲ್ಲಿ ತೋರುಬೆರಳಿನ ಆಕಾರ. ಅದನ್ನೂ ಅಕ್ಷರಕ್ಕೆ ತಾಗಿಸದೆ ಸ್ವಲ್ಪ ಮೇಲೆ ಹಿಡಿಯಬೇಕು.

ತೊಂದರೆ ಆಗುವುದು ಹೀಗೆ. ಚರ್ಮದ ಹಾಳೆ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಶಾಯಿ ಅದರ ಜೊತೆ ಹಿಗ್ಗುವುದಿಲ್ಲ. ಮಾಚಿಕಾಯಿ, ಅನ್ನಭೇದಿ, ಗೋಂದು ಕೂಡಿಸಿ ಮಾಡಿದ ಶಾಯಿ ಅದು. ವರ್ಷ ವರ್ಷವೂ ಹಿಗ್ಗಿ ಕುಗ್ಗಿದರೆ ಬಿರುಕು ಬಿಟ್ಟು ಹಕ್ಕಳೆ ಏಳುತ್ತದೆ. ಒಂದು ಅಕ್ಷರದ ಕಾಲು ಉದುರಿ ಇನ್ನೊಂದು ಅಕ್ಷರದಂತೆ ಕಂಡರೂ, ಪಕ್ಕದ ಎರಡು ಅಕ್ಷರ ಅಂಟಿಕೊಂಡರೂ ಇಡೀ ಸುರುಳಿ ಓದಲು ಅನರ್ಹ. ಆದ್ದರಿಂದ ತೇವ ಏರಿಳಿಯದಂತೆ ನೋಡಿಕೊಳ್ಳುವುದು ಮುಖ್ಯ. ವಾರಕ್ಕೊಮ್ಮೆ ಎರಡು ಗಂಟೆ ಎ.ಸಿ. ಹಾಕಿ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು. ಪೆಟ್ಟಿಗೆ ಇಡುವ ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬಾರದು. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಬದಲಾಯಿಸುತ್ತಿರಬೇಕು, ತೇವ ಕುಡಿದು ತುಂಬಿದ ಪೊಟ್ಟಣದಿಂದ ಉಪಯೋಗವಿಲ್ಲ. ಬಿಸಿಲಿಗೆ ಒಡ್ಡುವುದಂತೂ ಕೂಡದು.

ಅಕ್ಷರ ಸರಿಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಒಂದು ಚೆಂದದ ಪದ್ಧತಿ ಇದೆ. ತೀರಾ ಚುರುಕೂ ಅಲ್ಲದ, ಮಂದವೂ ಅಲ್ಲದ ಮಗುವನ್ನು ಕರೆದು ‘ಇದು ಯಾವ ಅಕ್ಷರ’ ಎಂದು ಕೇಳುತ್ತಾರೆ. ದೊಡ್ಡವರಿಗೆ ಪಾಠ ಬಾಯಿಗೆ ಬಂದಿರುವುದರಿಂದ ಕಣ್ಣು ತಾನೇ ತಿದ್ದಿಕೊಳ್ಳುತ್ತದೆ, ಮಗು ಕಂಡದ್ದನ್ನೇ ಹೇಳುತ್ತದೆ.

ಓದುವ ನಡುವೆ ಅಂಥ ದೋಷ ಸಿಕ್ಕರೆ ಆ ಸುರುಳಿ ಮುಚ್ಚಿ ಇನ್ನೊಂದು ತೆಗೆದು, ದೋಷ ಸಿಕ್ಕ ಜಾಗದಿಂದ ಮುಂದುವರಿಸುತ್ತಾರೆ. ಅಲ್ಲಿಯವರೆಗೆ ಓದಿದ್ದು ಲೆಕ್ಕಕ್ಕೆ ಬರುತ್ತದೆ. ಮುಚ್ಚಿದ ಸುರುಳಿಗೆ ಗುರುತು ಕಟ್ಟಿಡಬೇಕು, ಇಲ್ಲದಿದ್ದರೆ ಮುಂದಿನ ವಾರ ಮರೆತು ಅದನ್ನೇ ತೆಗೆಯುತ್ತಾರೆ. ತಿದ್ದುವ ಕೆಲಸ ‘ಸೋಫರ್’ ಎಂಬ ಲಿಪಿಕಾರನದು. ತಪ್ಪಕ್ಷರ ಕೆರೆದು ಮತ್ತೆ ಬರೆಯಬಹುದು. ದೇವರ ಹೆಸರಲ್ಲಿ ತಪ್ಪಿದ್ದರೆ ಕೆರೆಯುವಂತಿಲ್ಲ, ಆ ಹಾಳೆಯನ್ನೇ ಬದಲಿಸಬೇಕು.

ತೇಲಿಗಲ್ಲಿ
ಓದಲು ಕರೆಯುವ ಕ್ರಮದಲ್ಲಿ ಬೆನೆ ಇಸ್ರೇಲರದೇ ಒಂದು ವಿಶೇಷ ಇದೆ. ಎಲ್ಲ ಕಡೆ ಮೊದಲು ಕೊಹೆನ್, ಅಂದರೆ ಯಾಜಕ ವಂಶದವರು, ಆಮೇಲೆ ಲೇವಿಯರು, ಆಮೇಲೆ ಉಳಿದವರು. ಬೆನೆ ಇಸ್ರೇಲರಲ್ಲಿ ಪರಂಪರೆಯಿಂದ ಕೊಹೆನ್ ಮನೆತನವೇ ಇಲ್ಲ. ಹೊರಗಿನ ಕೊಹೆನ್ ಯಾರಾದರೂ ಬಂದಿದ್ದರೆ ಸರಿ, ಇಲ್ಲದಿದ್ದರೆ ‘ಕೊಹೆನ್ ಬದಲಿಗೆ’ ಎಂದು ಘೋಷಿಸಿಯೇ ಬೇರೆಯವರನ್ನು ಕರೆಯುತ್ತಾರೆ.

ಕಪಾಟಿನ ಪರದೆ ಸರಿಸುವುದು, ಸುರುಳಿ ಹೊರುವುದು ಇಂಥ ಗೌರವಗಳನ್ನು ಹರಾಜು ಹಾಕುವ ರೂಢಿಯೂ ಇದೆ. ಮಂದಿರದ ಖರ್ಚಿಗೆ ಇದೂ ಒಂದು ಆದಾಯ.

ಉಪ್ಪುನೀರು
ಇದಕ್ಕೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಶನಿವಾರ ದುಡ್ಡು ಎಣಿಸುತ್ತಾರೆ ಎಂದು ಓದುವವರು ತಿಳಿದಾರು. ಸಬ್ಬತ್ ದಿನ, ಅಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ವಿಶ್ರಾಂತಿಯ ದಿನ, ಹಣ ಮುಟ್ಟುವಂತಿಲ್ಲ, ಬರೆಯುವಂತೆಯೂ ಇಲ್ಲ. ಕೂಗಿದ ಮೊತ್ತವನ್ನು ನೆನಪಿಟ್ಟುಕೊಂಡು ವಾರದ ದಿನ ಕಟ್ಟುತ್ತಾರೆ. ನೆನಪಿಗೆ ಹಲವು ದೇಶಗಳ ಮಂದಿರಗಳಲ್ಲಿ ಅಂಚಿಗೆ ಮೊತ್ತ ಅಚ್ಚಾದ ಕಾರ್ಡು ಇರುತ್ತದೆ. ಹೇಳಿದ ಮೊತ್ತದ ಕಿವಿ ಮಡಚಿದರೆ ಸಾಕು. ಕಾರ್ಡುಗಳನ್ನು ಹೆಸರು ಬರೆದು ಸಿದ್ಧ ಮಾಡುವುದು ಶುಕ್ರವಾರದ ಕೆಲಸ.

ಬತ್ತಿಎಣ್ಣೆ
ಶುಕ್ರವಾರ ಅಂದಿರಿ, ಹೊತ್ತಿನ ಲೆಕ್ಕ ನಾನು ಹೇಳುತ್ತೇನೆ. ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಜೆರುಸಲೇಮಿನಲ್ಲಾದರೆ 40 ನಿಮಿಷ ಮುಂಚೆ ಹಚ್ಚುವ ರೂಢಿ. ಮುಂಬೈಯಲ್ಲಿ ಜುಲೈ ಮೊದಲ ವಾರ ಸೂರ್ಯ ಮುಳುಗುವುದು ಸುಮಾರು 7.20ಕ್ಕೆ, ನವೆಂಬರ್ ಕೊನೆಗೆ 6ರ ಆಸುಪಾಸು. ಅಂದರೆ ದೀಪದ ಹೊತ್ತು 7.02ರಿಂದ 5.42ರವರೆಗೆ ಓಡಾಡುತ್ತದೆ, ವರ್ಷಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷದ ಆಟ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಇದು ತಟ್ಟನೆ ಗೊತ್ತಾಗುತ್ತದೆ: ಅಲ್ಲಿ ಡಿಸೆಂಬರಿನಲ್ಲಿ 4 ಗಂಟೆಗೆ ಮೊದಲೇ ಸೂರ್ಯಾಸ್ತ, ಯೆಹೂದ್ಯ ಸಹೋದ್ಯೋಗಿಗಳು ಶುಕ್ರವಾರ ಮಧ್ಯಾಹ್ನವೇ ಕಚೇರಿ ಬಿಡುವುದು ಅದಕ್ಕೇ. ಈ 18 ನಿಮಿಷ ಸಡಿಲ ಬಿಟ್ಟ ಸಮಯವಲ್ಲ, ಬೇಲಿ. ಹಚ್ಚಿದ ಮೇಲೆ ಬೆಂಕಿ ಮುಟ್ಟುವಂತಿಲ್ಲ.

ಗಾಜಿನ ಲೋಟದ ದೀಪದಲ್ಲಿ ಕೆಳಗೆ ನೀರು, ಮೇಲೆ ಕೊಬ್ಬರಿ ಎಣ್ಣೆ, ಅದರ ಮೇಲೆ ತೇಲುವ ಬತ್ತಿ. ನೀರು ಹಾಕುವುದು ಎಣ್ಣೆಯ ಮಟ್ಟ ಏರಿಸಲು. ಎಣ್ಣೆ ಕಡಿಮೆ ಹಾಕಿದರೆ ಬತ್ತಿ ನೀರಿಗಿಳಿದು ಚಟಪಟ ಅಂದು ಊಟದ ನಡುವೆ ಆರುತ್ತದೆ. ಮತ್ತೆ ಹಚ್ಚುವಂತಿಲ್ಲ. ಊಟ ಮುಗಿಯುವಷ್ಟು ಹೊತ್ತಾದರೂ ಉರಿಯುವ ಎಣ್ಣೆ ಬೇಕು. ಹೊಸ ಲೋಟ ತಂದರೆ ಬುಧವಾರವೇ ಒಮ್ಮೆ ಉರಿಸಿ, ಎಷ್ಟು ಎಣ್ಣೆಗೆ ಎಷ್ಟು ಗಂಟೆ ಎಂದು ಗಡಿಯಾರ ನೋಡಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಚಳಿ ಇರುವ ಊರಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಮುಂಬೈಯಲ್ಲಿ ಆ ತೊಂದರೆ ಕಡಿಮೆ.

ಲೈಟು, ಫ್ಯಾನಿಗೆ ಟೈಮರ್. ಇಲ್ಲೊಂದು ಎಚ್ಚರ. ಹಲ್ಲುಗಳಿರುವ ತಿರುಗುವ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ. ಶುಕ್ರವಾರ ರಾತ್ರಿ ಒಂದೂವರೆ ಗಂಟೆ ಕರೆಂಟು ಹೋದರೆ ಶನಿವಾರ ಬೆಳಿಗ್ಗೆ ಓದುವ ಪೀಠದ ದೀಪ ಒಂದೂವರೆ ಗಂಟೆ ತಡವಾಗಿ ಹತ್ತುತ್ತದೆ, ಮುಟ್ಟಿ ಸರಿಪಡಿಸುವ ಹಾಗಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹೊತ್ತು ಮರೆಯುವುದಿಲ್ಲ. ಓದುವ ಪೀಠಕ್ಕಾದರೂ ಅದನ್ನೇ ಹಾಕಿ.

ಅರಳಿಕಟ್ಟೆ
ಕಾವಲುಗಾರರು ಯೆಹೂದ್ಯರಲ್ಲದಿದ್ದರೆ ಅವರಿಗೆ ಹೇಳಿ ಹಾಕಿಸಬಹುದಲ್ಲವೇ?

ಬತ್ತಿಎಣ್ಣೆ
ಅಷ್ಟು ಸುಲಭವಲ್ಲ ಸರ್. ತಾನು ಮಾಡಬಾರದ್ದನ್ನು ಇನ್ನೊಬ್ಬರಿಂದ ಮಾಡಿಸುವುದಕ್ಕೂ ನಿರ್ಬಂಧ ಇದೆ. ಅವರು ತಮ್ಮ ಕೆಲಸಕ್ಕೆಂದೇ ದೀಪ ಹಾಕಿಕೊಂಡರೆ ಆ ಬೆಳಕಲ್ಲಿ ಓದಬಹುದು. ವಿನಾಯಿತಿ ಎಲ್ಲಿ ಉಂಟು ಅನ್ನುವುದು ರಬ್ಬಿಯನ್ನು, ಅಂದರೆ ಧರ್ಮಗುರುವನ್ನು, ಕೇಳಿ ತಿಳಿಯಬೇಕಾದ ವಿಷಯ. ಕೋಲ್ಕತ್ತಾದ ಹಳೆಯ ಸಭಾಮಂದಿರಗಳನ್ನು ತಲೆಮಾರುಗಳಿಂದ ನೋಡಿಕೊಂಡು ಬಂದವರು ಮುಸ್ಲಿಂ ಮನೆತನದವರು. ಯಾವುದು ಮುಟ್ಟಬಾರದು, ಯಾವ ಹೊತ್ತಿಗೆ ಬಾಗಿಲು ತೆರೆಯಬೇಕು ಎಂಬುದು ಅಂಥವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂಥವರು ಇರುವುದು ಮಂದಿರದ ಭಾಗ್ಯ.

ಉಪ್ಪುನೀರು
ಅಡುಗೆಮನೆ ಕಡೆ ಬರೋಣ. ದ್ರಾಕ್ಷಾರಸದ ಮೇಲೆ ‘ಕಿದ್ದುಶ್’ ಹೇಳಿ ಸಬ್ಬತ್ತನ್ನು ಬರಮಾಡಿಕೊಳ್ಳಬೇಕು. ಕೋಶರ್ (ಯೆಹೂದ್ಯರ ಆಹಾರ ನಿಯಮಕ್ಕೆ ಒಪ್ಪುವ) ವೈನ್ ಸುಲಭವಾಗಿ ಸಿಗದ ಈ ನಾಡಲ್ಲಿ ಬೆನೆ ಇಸ್ರೇಲರು ಕಂಡುಕೊಂಡ ದಾರಿ ಕಪ್ಪು ಒಣದ್ರಾಕ್ಷಿಯ ಶರಬತ್ತು.

ಒಂದು ಲೀಟರ್ ನೀರಿಗೆ 250 ಗ್ರಾಂ ಒಣದ್ರಾಕ್ಷಿ. ಮೊದಲು ಬಿಸಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ವಿಜಯಪುರ, ಸಾಂಗ್ಲಿ ಕಡೆಯ ಹಸಿರು–ಹಳದಿ ಒಣದ್ರಾಕ್ಷಿಯನ್ನು ಒಣಹಾಕುವ ಮುಂಚೆ ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದುವುದುಂಟು, ಬಣ್ಣ ಉಳಿಯಲು ಗಂಧಕದ ಹೊಗೆ ಕೊಡುವುದೂ ಉಂಟು. ಅವು ತಿನ್ನಲು ಚೆನ್ನ, ಶರಬತ್ತಿಗೆ ಬಣ್ಣವೂ ಬರುವುದಿಲ್ಲ, ರುಚಿಯೂ ಒಗರು. ಕಪ್ಪನ್ನೇ ಹಿಡಿಯಿರಿ. ಗುರುವಾರ ರಾತ್ರಿ ನೆನೆಹಾಕಿ, ಏಪ್ರಿಲ್–ಮೇ ಸೆಕೆಯಲ್ಲಾದರೆ ಫ್ರಿಜ್ಜಿನಲ್ಲಿ. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ನೊರೆ ಕಟ್ಟಲು ಶುರು. ಬೆಳಿಗ್ಗೆ ಅದೇ ನೀರಲ್ಲಿ ಕೈಯಿಂದ ಕಿವುಚಿ, ತೆಳುಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಸಕ್ಕರೆ ಬೇಡ.

ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ನೀರು ಹೆಚ್ಚು ಮಾಡುವುದು. ನೀರಿನ ಅಳತೆಯ ಆರನೇ ಒಂದು ಪಾಲಿಗಿಂತ ಒಣದ್ರಾಕ್ಷಿ ಹೆಚ್ಚಿರಬೇಕು, ಇಲ್ಲದಿದ್ದರೆ ಅದು ದ್ರಾಕ್ಷಾರಸ ಅನ್ನಿಸಿಕೊಳ್ಳುವುದಿಲ್ಲ, ಬಣ್ಣದ ನೀರಾಗುತ್ತದೆ. ಲೀಟರಿನ ಆರನೇ ಒಂದು ಪಾಲು ಸುಮಾರು 167 ಮಿಲಿ. 250 ಗ್ರಾಂ ಒಣದ್ರಾಕ್ಷಿ ಅಳತೆ ಲೋಟದಲ್ಲಿ ಒಂದೂವರೆ ಕಪ್ ಬರುತ್ತದೆ, ಆದ್ದರಿಂದ ಈ ಅಳತೆ ಧಾರಾಳ. ಎರಡನೆಯದು, ಸೋಸುವುದನ್ನು ಸಂಜೆಗೆ ಮುಂದೂಡುವುದು. ಸಬ್ಬತ್ತು ಶುರುವಾದ ಮೇಲೆ ಹಣ್ಣು ಹಿಂಡುವುದೂ, ಗಸಿ ಬೇರ್ಪಡಿಸುವುದೂ ನಿಷಿದ್ಧ. ಬಟ್ಟಲಿಗೆ ಕನಿಷ್ಠ 86 ಮಿಲಿ ಬೇಕು ಅನ್ನುವುದು ಹೆಚ್ಚಾಗಿ ಪಾಲಿಸುವ ಲೆಕ್ಕ, ಹೆಚ್ಚು ಕಟ್ಟುನಿಟ್ಟಿನವರದು 150 ಮಿಲಿ.

ರೊಟ್ಟಿ ಎರಡು ಇರಬೇಕು, ಎರಡೂ ಇಡಿಯಾಗಿ, ಒಂದು ಚೂರೂ ಮುರಿಯದ್ದು. ಮೋಶೆಯ ಕಾಲದಲ್ಲಿ ಅರಣ್ಯದಲ್ಲಿ ಆಕಾಶದಿಂದ ಬೀಳುತ್ತಿದ್ದ ಆಹಾರ ‘ಮನ್ನ’ ಶುಕ್ರವಾರ ಇಮ್ಮಡಿ ಬೀಳುತ್ತಿದ್ದ ನೆನಪಿಗೆ. ಮಂದಿರಕ್ಕೆ ಒಟ್ಟಿಗೆ ಹಿಟ್ಟು ಕಲಸುವವರು ಗಮನಿಸಿ: ಹಿಟ್ಟು ಸುಮಾರು 1.2 ಕಿಲೋ ದಾಟಿದರೆ ಒಂದು ಉಂಡೆ ತೆಗೆದು ಸುಡಬೇಕು, ಸುಮಾರು 1.67 ಕಿಲೋ ದಾಟಿದರೆ ಅದನ್ನು ಸ್ತುತಿವಚನ ಹೇಳಿ ತೆಗೆಯಬೇಕು.

ಮೀನಿಗೆ ರೆಕ್ಕೆಯೂ ಹುರುಪೆಯೂ ಎರಡೂ ಬೇಕು. ಬಂಗುಡೆ, ಭೂತಾಯಿ, ಮಾಂಜಿ ಆಗುತ್ತವೆ. ಸಿಗಡಿ, ಏಡಿ, ಮರುವಾಯಿ, ತೊರಕೆ ಆಗುವುದಿಲ್ಲ. ಮಾಂಸಕ್ಕೆ ಹಾಲು, ಮೊಸರು, ತುಪ್ಪ ಸೇರುವಂತಿಲ್ಲವಾದ್ದರಿಂದ ಕೊಂಕಣದ ತೆಂಗಿನಹಾಲು ಈ ಅಡುಗೆಯನ್ನು ಪೂರ್ತಿ ಕಾಪಾಡಿದೆ.

ಪಡುವಣ
ಮಲೀದಾ ಬಿಟ್ಟರಲ್ಲ! ನಮ್ಮ ಸಿಹಿ ಅವಲಕ್ಕಿಯ ಒಡಹುಟ್ಟು ಅದು. ತೊಳೆದು ನೀರು ಬಸಿದ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಮೇಲೆ ಗೋಡಂಬಿ–ದ್ರಾಕ್ಷಿ, ಸುತ್ತ ಹಣ್ಣು. ಪ್ರವಾದಿ ಎಲೀಯನ ಹೆಸರಲ್ಲಿ, ಹರಕೆ ತೀರಿದಾಗ, ಮದುವೆಗೆ ಮುಂಚೆ ಮಾಡುತ್ತಾರೆ. ಪ್ರತಿ ವಾರದ್ದಲ್ಲ, ಆದರೆ ಯಾರದಾದರೂ ಮನೆಯದು ಇದ್ದೇ ಇರುತ್ತದೆ. ಅವಲಕ್ಕಿ ನೆನೆದಿದ್ದು ಹೆಚ್ಚಾದರೆ ಬೆಲ್ಲ ಬಿದ್ದ ಮೇಲೆ ನೀರೊಡೆದು ಮುದ್ದೆಯಾಗುತ್ತದೆ. ಕಾಯಿತುರಿ ಕೊನೆಗೇ ಹಾಕಬೇಕು, ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ.

ಇನ್ನೊಂದು. ಯುರೋಪಿನ ಮಂದಿರಗಳಲ್ಲಿ ಪೂರ್ವಕ್ಕೆ ಮುಖ ಮಾಡುತ್ತಾರೆ ಅಂತ ಓದಿ ಬಂದವರು ಮುಂಬೈಯಲ್ಲಿ ಗಲಿಬಿಲಿ ಪಡುತ್ತಾರೆ. ಮುಖ ಮಾಡುವುದು ಜೆರುಸಲೇಮಿಗೆ. ನಮಗೆ ಅದು ಪಡುವಣ ದಿಕ್ಕು.

ಅರಳಿಕಟ್ಟೆ
ಎಲ್ಲರಿಗೂ ವಂದನೆ. ಕೊನೆಯದಾಗಿ, ಶನಿವಾರ ನೋಡಲು ಹೋಗುವ ಕನ್ನಡದವರು ಏನು ತಿಳಿದಿರಬೇಕು?

ತೇಲಿಗಲ್ಲಿ
ಹೇಳದೆ ಹೋಗಬೇಡಿ. 2008ರ ನವೆಂಬರಿನಲ್ಲಿ ಮುಂಬೈಯ ಯೆಹೂದ್ಯ ಕೇಂದ್ರ ನರಿಮನ್ ಹೌಸ್ ಮೇಲೆ ದಾಳಿ ಆದ ಮೇಲೆ ಕಾವಲು ಬಿಗಿಯಾಗಿದೆ. ಮುಂಚೆ ಅನುಮತಿ ಕೇಳಿ, ಗುರುತಿನ ಚೀಟಿ ಇಟ್ಟುಕೊಂಡು ಹೋಗಿ. ಗಂಡಸರು ತಲೆ ಮುಚ್ಚಬೇಕು, ಕರವಸ್ತ್ರವಾದರೂ ಆದೀತು. ಸಂಪ್ರದಾಯಸ್ಥ ಮಂದಿರದಲ್ಲಿ ಹೆಂಗಸರ ಜಾಗ ಬೇರೆ, ಹಳೆಯ ಕಟ್ಟಡಗಳಲ್ಲಿ ಹೆಚ್ಚಾಗಿ ಮೇಲಿನ ಮೊಗಸಾಲೆ. ಫೋನ್ ಆರಿಸಿ ಒಳಗಿಡಿ, ಫೋಟೊ ತೆಗೆಯಬೇಡಿ, ಪೆನ್ನು ತೆಗೆದು ಟಿಪ್ಪಣಿ ಮಾಡಲೂ ಹೋಗಬೇಡಿ. ದಕ್ಷಿಣೆ ಅಂತ ನೋಟು ಕೊಡಬೇಡಿ, ವಾರದ ದಿನ ಕಳಿಸಿ. ಬೆಳಗಿನ ಪ್ರಾರ್ಥನೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಓದುವ ಮುಂಚೆಯೇ ತೆರೆದ ಸುರುಳಿಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾರೆ, ಎಲ್ಲರೂ ಎದ್ದು ನಿಂತಾಗ ನೀವೂ ನಿಲ್ಲಿ.

ಬತ್ತಿಎಣ್ಣೆ
ಸಂಜೆಯವರೆಗೂ ಇರಲು ಬಿಟ್ಟರೆ ಸಬ್ಬತ್ತನ್ನು ಬೀಳ್ಕೊಡುವ ‘ಹವ್ದಾಲಾ’ ನೋಡಿಯೇ ಬನ್ನಿ. ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ. ಕ್ರಮ ಹೀಗೆ: ದ್ರಾಕ್ಷಾರಸ, ಪರಿಮಳ, ಬೆಂಕಿ, ಕಡೆಗೆ ಪವಿತ್ರಕ್ಕೂ ಸಾಧಾರಣಕ್ಕೂ ಗೆರೆ ಎಳೆಯುವ ಸ್ತುತಿ. ಬತ್ತಿ ಒಂದಕ್ಕಿಂತ ಹೆಚ್ಚಿರಬೇಕು, ಅದಕ್ಕೇ ಹೆಣೆದ ಮೇಣದ ಬತ್ತಿ. ಪರಿಮಳಕ್ಕೆ ಲವಂಗ, ಏಲಕ್ಕಿ ಸಾಕು, ಆದರೆ ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದ ಲವಂಗಕ್ಕೆ ವಾಸನೆ ಇರುವುದಿಲ್ಲ. ಶುಕ್ರವಾರವೇ ಹೊಸದನ್ನು ಜಜ್ಜಿ ತುಂಬಿಡಿ. ಬತ್ತಿಯನ್ನು ಅದೇ ರಸದಲ್ಲಿ ಅದ್ದಿ ಆರಿಸುತ್ತಾರೆ. ಆಮೇಲೆ ಲೈಟಿನ ಸ್ವಿಚ್ಚು ಮುಟ್ಟಬಹುದು, ಮಡಚಿದ ಕಾರ್ಡುಗಳನ್ನು ತೆಗೆದು ಲೆಕ್ಕ ಬರೆಯಬಹುದು.